ಉತಾರದಾಗಿನ ಬೋಜಾ

ಪಹಣಿಗೆ ನಮ್ಮ ಇಂಡಿ ಕಡೆ ಉತಾರ ಅಂತಾರೆ. ಮೊದಲು ಅದು ತಲಾಠಿಯ ದಫ್ತರದೊಳಗೆ ಇರುತ್ತಿತ್ತು. 2000ದ ಆಸುಪಾಸು ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, 15 ರೂಪಾಯಿಗೆ ನಕಲು ಸಿಗತೊಡಗಿತು. ಈಗ ಸರ್ವೆ ನಂಬರ್ ಗೊತ್ತಿದ್ದರೆ ಸಾಕು, ಯಾರದ್ದು ಬೇಕಾದರೂ ಫೋನಿನಲ್ಲೇ ನೋಡಬಹುದು.

ಹೋದ ವರ್ಷ ಕಾಕಾ ಫೋನ್ ಮಾಡಿದ್ದ. “ತಮ್ಮಾ, ತಂಗಿಗೆ ಸಿಂದಗಿ ಕಡೆ ವರ ನೋಡೀವಿ. ಹೊಲ ಎಷ್ಟೈತಿ ನೋಡಿ ಹೇಳಪಾ.” ಬೆಂಗಳೂರಿನ ಆಫೀಸಿನಲ್ಲಿ ಊಟ ಮಾಡುತ್ತಲೇ ನೋಡಿದೆ. ಹೊಲ ಅವರು ಹೇಳಿದಷ್ಟೇ ಇತ್ತು. ಪಕ್ಕದ ಕಾಲಂನಲ್ಲಿ ಬ್ಯಾಂಕ್ ಸಾಲದ ಬೋಜಾನೂ ಇತ್ತು. ಕಾಕಾ ಕೇಳಿದ್ದು ಹೊಲ ಮಾತ್ರ, ನಾನು ಸಾಲವನ್ನೂ ಹೇಳಿದೆ. ಬೀಗತನ ಮುರೀತು.

ನಮ್ಮ ಉತಾರದಲ್ಲೂ ಎಷ್ಟೋ ವರ್ಷ ಬೋಜಾ ಇತ್ತು, ನನ್ನ ಬಿಇ ಫೀಸಿಗೆ ಅಪ್ಪ ಎತ್ತಿದ್ದ ಸಾಲ. ಅಕ್ಕನ ಮದುವೆ ಆದದ್ದು ಅದೇ ಹೊತ್ತಿಗೆ. ಯಾರೂ ಉತಾರ ಕೇಳಲಿಲ್ಲ.

ಹಾಗಂತ ಇದನ್ನು ಮುಚ್ಚಿಡಿ ಅನ್ನಲಾರೆ. ಸಾಲ ಗೊತ್ತಾಗದೆ ಹೊಲ ಕೊಂಡವನು ಮುಳುಗಿದಂತೆಯೇ. ಆದರೆ ನಾನೇನು ಕೊಳ್ಳುವವನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯು ಒಬ್ಬರ ಖಾಸಗಿ ಮಾಹಿತಿ ಕೊಡುವ ಮುಂಚೆ ಸಾರ್ವಜನಿಕ ಹಿತ ಎಷ್ಟಿದೆ ಅಂತ ತೂಗುವ ಕೆಲಸವನ್ನು ಒಬ್ಬ ಅಧಿಕಾರಿಗೆ ಕೊಟ್ಟಿತ್ತು. ವೆಬ್‌ಸೈಟಿನಲ್ಲಿ ಅಂಥವರು ಯಾರೂ ಕೂತಿರಲ್ಲ. ಅವತ್ತು ತೂಗಬೇಕಾದವನು ನಾನೇ ಆಗಿದ್ದೆ. ತೂಗಲಿಲ್ಲ, ಊಟದ ಗಡಿಬಿಡಿ.

ಮೊನ್ನೆ ಕಾಕಾ ಬಸವನ ಬಾಗೇವಾಡಿ ಕಡೆಯ ಇನ್ನೊಂದು ಸರ್ವೆ ನಂಬರ್ ವಾಟ್ಸಾಪ್ ಮಾಡಿದ್ದಾನೆ. ಇನ್ನೂ ನೋಡಿಲ್ಲ.