ಏರಿನಲ್ಲಿ ಜೊತೆಗಾರ

ಇಬ್ಬರು ಒಟ್ಟಿಗೆ ಹೊರಟಿದ್ದಾರೆ. ದಾರಿಯಲ್ಲಿ ಏರು ಬಂತು, ಒಬ್ಬನ ಕಾಲು ಸೋತಿತು. ಇನ್ನೊಬ್ಬ ಏನು ಮಾಡಬೇಕು? ನಿಲ್ಲಬೇಕೇ, ಹೋಗಬೇಕೇ? ಹೀಗೆ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು "ನಿಲ್ಲಬೇಕು, ಅದರಲ್ಲೇನು ಸಂಶಯ?" ಎಂದುಬಿಡುತ್ತೇವೆ. ನಾನೂ ಹಾಗೆಯೇ ಬೆಳೆದವನು. ಆದರೆ ಕೆಲವು ವರ್ಷಗಳಿಂದ ಓಟದ ಕ್ಲಬ್ಬೊಂದನ್ನು ಸೇರಿ ಮ್ಯಾಸಚೂಸೆಟ್ಸಿನ ಗುಡ್ಡದ ರಸ್ತೆಗಳಲ್ಲಿ ಓಡುತ್ತಿರುವ ನನಗೆ, ಉತ್ತರ ಅಷ್ಟು ಸುಲಭದ್ದಲ್ಲ ಎನ್ನಿಸತೊಡಗಿದೆ.

ಸಮತಟ್ಟಾದ ರಸ್ತೆಯಲ್ಲಿ ಜೊತೆಯಾಗಿ ಓಡುವುದು ಕಷ್ಟವಲ್ಲ. ಹೆಚ್ಚುಕಡಿಮೆ ಒಂದೇ ವೇಗದವರಾದರೆ ಮಾತಾಡಿಕೊಂಡೇ ಹೋಗಬಹುದು. ಏರು ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಅಲ್ಲಿ ನಮ್ಮ ಭಾರವನ್ನು ನಾವೇ ಮೇಲಕ್ಕೆತ್ತಬೇಕು. ಹತ್ತು ಕಿಲೋ ಹೆಚ್ಚು ತೂಗುವವನು ಒಂದು ಅಕ್ಕಿ ಚೀಲ ಹೊತ್ತು ಹತ್ತಿದ ಹಾಗೆಯೇ. ಇಳಿಜಾರಿನದು ಇನ್ನೊಂದು ಕಥೆ. ಅಲ್ಲಿ ಉಸಿರಿಗೆ ಆರಾಮ, ಆದರೆ ಪ್ರತಿ ಹೆಜ್ಜೆಯಲ್ಲೂ ದೇಹವನ್ನು ತಡೆದು ಹಿಡಿಯುವ ಕೆಲಸ ತೊಡೆಯ ಸ್ನಾಯುಗಳಿಗೆ ಬೀಳುತ್ತದೆ. (ಮಾರನೆಯ ದಿನ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳುವ ಹಾಗೆ ಮಾಡುವುದು ಹೆಚ್ಚಾಗಿ ಏರಲ್ಲ, ಇಳಿಜಾರು!) ಹೀಗಾಗಿ ಇಬ್ಬರೂ ಸಮನಾದ ಶ್ರಮ ಹಾಕಿದರೆ ಗುಡ್ಡದಲ್ಲಿ ಬೇರೆಯಾಗುತ್ತಾರೆ. ಸಮನಾದ ವೇಗ ಇಟ್ಟುಕೊಂಡರೆ, ಒಬ್ಬ ತನ್ನ ಶಕ್ತಿಯನ್ನು ಅಡಗಿಸಬೇಕು, ಇಲ್ಲವೇ ಇನ್ನೊಬ್ಬ ಇರುವುದಕ್ಕಿಂತ ಹೆಚ್ಚು ಖರ್ಚು ಮಾಡಬೇಕು. "ಜೊತೆಯಾಗಿ" ಎಂಬ ಮಾತಿಗೆ ಏರಿನಲ್ಲಿ ಯಾರೋ ಒಬ್ಬರು ಬೆಲೆ ತೆರುತ್ತಿರುತ್ತಾರೆ.

ನಮ್ಮ ಕ್ಲಬ್ಬಿನಲ್ಲಿ ಕನ್ನಡದವರು ನಾವಿಬ್ಬರೇ. ಅವರು ತೀರ್ಥಹಳ್ಳಿ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಸೇರಿದ ಹೊಸದರಲ್ಲಿ ಊರಿನ ಹತ್ತು ಕಿಲೋಮೀಟರ್ ಓಟವನ್ನು ಇಬ್ಬರೂ ಅಕ್ಕಪಕ್ಕದಲ್ಲೇ ಓಡಿ ಮುಗಿಸಿದೆವು. ಅಂದಿನ ನನ್ನ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದೂ ಆಯಿತು. ಒಂದು ತಿಂಗಳ ಮೇಲೆ ಬೇರೆಯವರಿಂದ ತಿಳಿಯಿತು: ಅವರು ಅದೇ ದಾರಿಯನ್ನು ಒಂಬತ್ತು ನಿಮಿಷ ಮೊದಲೇ ಮುಗಿಸಬಲ್ಲವರು, ನನಗಾಗಿ ನಿಧಾನ ಮಾಡಿದ್ದರು. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಏನೋ ಕಳೆದುಹೋದಂತಾಯಿತು. ನಾನು ಓಡಿದ್ದು ನಿಜ, ಬೆವರಿದ್ದು ನಿಜ. ಅವರಿಗೆ ಸರಿಸಮನಾಗಿ ಓಡಿದೆ ಎನ್ನುವುದು ಮಾತ್ರ ನಿಜವಲ್ಲ. ಚಿಕ್ಕ ಮಕ್ಕಳ ಜೊತೆ ಕೇರಂ ಆಡುವಾಗ ಬೇಕೆಂದೇ ಸೋಲುತ್ತೇವಲ್ಲ, ಅಂಥ ಮಗುವಾಗಿದ್ದೆ ನಾನು. ಹೇಳದೆ ನಿಧಾನಿಸುವುದು ದಯೆಯೋ ಸುಳ್ಳೋ? ಎರಡೂ ಹೌದೆಂದು ನನ್ನ ಅನಿಸಿಕೆ. "ಇವತ್ತು ನಿನ್ನ ಜೊತೆಗೇ ಬರ್ತೀನಿ" ಎಂದು ಒಂದು ಮಾತು ಹೇಳಿದ್ದರೆ, ಅದೇ ಕೆಲಸ ಬರೀ ಸ್ನೇಹವಾಗುತ್ತಿತ್ತು.

ಆಶ್‌ಲ್ಯಾಂಡಿನ ಶ್ರೀ ಲಕ್ಷ್ಮೀ ದೇವಸ್ಥಾನಕ್ಕೆ ಹೋಗಿಬರುವವರಿಗೆ, ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಆ ಊರಿನ ಮೂಲಕವೇ ಹಾದುಹೋಗುವುದು ಗೊತ್ತು. ಅಲ್ಲಿಂದ ಮುಂದೆ, ಇಪ್ಪತ್ತು ಮೈಲಿ ಓಡಿ ದಣಿದ ಮೇಲೆ, ನ್ಯೂಟನ್ನಿನಲ್ಲಿ ಒಂದು ಏರು ಎದುರಾಗುತ್ತದೆ. ಎತ್ತರ ಸುಮಾರು 27 ಮೀಟರ್, ಅಷ್ಟೇ. 1936ರಲ್ಲಿ, ಹಿಂದಿನ ವರ್ಷ ಗೆದ್ದಿದ್ದ ಜಾನ್ ಕೆಲ್ಲಿ ಮುಂದೆ ಓಡುತ್ತಿದ್ದ ಎಲಿಸನ್ ಬ್ರೌನ್‌ನನ್ನು ಆ ಗುಡ್ಡಗಳಲ್ಲಿ ಹಿಡಿದು, ದಾಟಿಹೋಗುವಾಗ ಬೆನ್ನು ತಟ್ಟಿದನಂತೆ. ಬ್ರೌನ್ ಅದರಿಂದಲೇ ಕೆರಳಿ ಮತ್ತೆ ಮುಂದೆ ಬಂದು ಗೆದ್ದ, ಕೆಲ್ಲಿ ಐದನೆಯವನಾದ. ಆ ಏರಿಗೆ "ಹಾರ್ಟ್‌ಬ್ರೇಕ್ ಹಿಲ್" ಎಂಬ ಹೆಸರು ಬಂದದ್ದು ಈ ಪ್ರಸಂಗದಿಂದ. ಕೆಲ್ಲಿಗೆ ಅದು ಆತ್ಮೀಯತೆಯೇ ಇದ್ದಿರಬಹುದು. ಆದರೆ ಮೇಲಿದ್ದವನ ಕೈ ಬೆನ್ನ ಮೇಲೆ ಬಿದ್ದಾಗ ಕೆಳಗಿದ್ದವನಿಗೆ ಅದು ಹೇಗೆ ತಟ್ಟುತ್ತದೆ ಎಂಬುದು ತಟ್ಟಿದವನಿಗೆ ತಿಳಿಯುವುದಿಲ್ಲ.

ನಿಂತವರ ಕಥೆಯೂ ಇದೆ. 1956ರಲ್ಲಿ ಮೆಲ್ಬೋರ್ನಿನಲ್ಲಿ ಆಸ್ಟ್ರೇಲಿಯಾದ ಒಂದು ಮೈಲಿ ಚಾಂಪಿಯನ್‌ಷಿಪ್ ಓಟ. ರಾನ್ ಕ್ಲಾರ್ಕ್ ಎಂಬ ಹುಡುಗ ಬಿದ್ದ. ಜಾನ್ ಲ್ಯಾಂಡಿ ಓಟ ನಿಲ್ಲಿಸಿ, ಹಿಂದಿರುಗಿ, ಅವನಿಗೆ ಏನಾಯಿತೆಂದು ವಿಚಾರಿಸಿ, ಮತ್ತೆ ಓಡಿ ಎಲ್ಲರನ್ನೂ ಹಿಡಿದು ಗೆದ್ದ. ಎಲ್ಲರೂ ಗೆಲುವನ್ನು ಹೊಗಳುತ್ತಾರೆ. ನನಗೆ ಮೆಚ್ಚುಗೆಯಾದದ್ದು ಅವನು ನಿಂತದ್ದರ ಕಾರಣ. ಕ್ಲಾರ್ಕ್ ನಿಧಾನವಾದನೆಂದು ಲ್ಯಾಂಡಿ ನಿಲ್ಲಲಿಲ್ಲ, ಬಿದ್ದನೆಂದು ನಿಂತ. ಬಿದ್ದವನು ಬೇರೆ, ಹಿಂದುಳಿದವನು ಬೇರೆ. ಬಿದ್ದವನನ್ನು ಕೇಳಬೇಕಾಗಿಲ್ಲ, ನಿಲ್ಲಬೇಕು. ಹಿಂದುಳಿದವನಿಗೆ ತನ್ನದೇ ಓಟವಿದೆ. ಅಲ್ಲಿ ನಿಲ್ಲಬೇಕೋ ಬೇಡವೋ ಎಂದು ಹೇಳುವ ಹಕ್ಕು ಅವನದು.

ಇಷ್ಟು ಹೇಳಿದರೆ ಮಹಾಪ್ರಸ್ಥಾನದ ಕಥೆ ನೆನಪಾಗದೇ ಇರದು. ಹಿಮಾಲಯದ ಏರಿನಲ್ಲಿ ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಧರ್ಮರಾಯ ಹಿಂದಿರುಗಿ ನೋಡಲಿಲ್ಲ. ಒಬ್ಬೊಬ್ಬರ ದೋಷವನ್ನು ಹೇಳುತ್ತಾ ನಡೆದೇಹೋದ. ಅದೇ ಧರ್ಮರಾಯ ಒಂದು ನಾಯಿಗಾಗಿ ಇಂದ್ರನ ರಥವನ್ನೇ ಬೇಡವೆಂದ! ಚಿಕ್ಕಂದಿನಿಂದ ಇದಕ್ಕೆ ಎಷ್ಟೋ ಸಮಾಧಾನಗಳನ್ನು ಕೇಳಿದ್ದೇನೆ, ಯಾವುದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅಷ್ಟು ವರ್ಷ ಜೊತೆಗಿದ್ದವರು ಬಿದ್ದಾಗ ದೋಷದ ಪಟ್ಟಿ ಓದುವುದು ನನಗೆ ಇಂದಿಗೂ ಕಠಿಣವಾಗಿಯೇ ಕೇಳಿಸುತ್ತದೆ. ದೊಡ್ಡವರು ಕ್ಷಮಿಸಲಿ.

ಈಗ ಕ್ಲಬ್ಬಿನ ಹಿರಿಯರ ಮಂಡಿ ಸ್ವಲ್ಪ ಸೋತಿದೆ, ನನ್ನ ಓಟ ಸುಧಾರಿಸಿದೆ. ಕಳೆದ ಶರತ್ಕಾಲದಲ್ಲಿ ಅದೇ ಓಟಕ್ಕೆ ಮತ್ತೆ ಒಟ್ಟಿಗೆ ನಿಂತೆವು. ಎರಡನೆಯ ಗುಡ್ಡದವರೆಗೆ ಜೊತೆ, ಆಮೇಲೆ ಅವರವರ ದಾರಿ ಎಂದು ಮೊದಲೇ ಮಾತಾಗಿತ್ತು. ಮೂರನೆಯ ಏರಿನ ಬುಡದಲ್ಲಿ ನಾನು ಇನ್ನೂ ಪಕ್ಕದಲ್ಲೇ ಇದ್ದುದನ್ನು ಕಂಡು "ನೀ ಹೋಗ ಮಾರಾಯ, ನಾ ಬರ್ತೀನಿ, ಬಾಳೆಹಣ್ಣು ಖಾಲಿ ಆಗೋದ್ರೊಳಗೆ ಒಂದು ತೆಗೆದಿಡು" ಎಂದರು. ಓಡುವವರಲ್ಲಿ ಒಂದು ಹಳೆಯ ಪರೀಕ್ಷೆಯಿದೆ: ಇಡೀ ವಾಕ್ಯ ಒಂದೇ ಉಸಿರಿನಲ್ಲಿ ಬಂದರೆ ಆ ಮನುಷ್ಯನಿಗೆ ತೊಂದರೆಯಿಲ್ಲ. ವಾಕ್ಯ ಪೂರ್ತಿ ಬಂದಿತ್ತು, ಹೆಜ್ಜೆಯೂ ಒಂದೇ ತಾಳದಲ್ಲಿತ್ತು. ನಾನು ಹೋದೆ. ಆರು ನಿಮಿಷದ ಮೇಲೆ ಅವರು ಬಂದರು, ಬಾಳೆಹಣ್ಣು ಕೊಟ್ಟೆ.

"ನೀ ಹೋಗು" ಎಂಬ ಮಾತನ್ನು ನಮ್ಮಲ್ಲಿ ಪ್ರತಿಯೊಬ್ಬರೂ ಇನ್ನೊಂದು ಕಡೆಯೂ ಕೇಳಿದವರೇ. 2013ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ತಂದೆ ಅದನ್ನೇ ಹೇಳಿದರು: "ನೀನು ಹೋಗು, ನಮ್ಮದೇನಿದೆ." ಅದು ನಿಜವಾಗಿ ಅವರ ಇಷ್ಟವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇಷ್ಟವೇ ಇದ್ದಿರಬೇಕು, ಅದನ್ನು ಅನುಮಾನಿಸಿದರೆ ಅವರ ಮಾತಿಗೆ ಬೆಲೆ ಕೊಡದ ಹಾಗೆ. ಆದರೆ ರಸ್ತೆಯಲ್ಲಿ ಪಕ್ಕದವನ ಮುಖ ಕಾಣುತ್ತದೆ, ಹೆಜ್ಜೆಯ ಸದ್ದು ಕೇಳುತ್ತದೆ. ಫೋನಿನಲ್ಲಿ ಕೇಳುವುದು "ಚೆನ್ನಾಗಿದ್ದೀವಪ್ಪ" ಮಾತ್ರ. ವಿಡಿಯೋದಲ್ಲೂ ಅವರು ಕುರ್ಚಿಯಲ್ಲಿ ಕೂತೇ ಇರುತ್ತಾರೆ.

ಅದಕ್ಕೇ ಈಗ ನಾನು ಹೇಗಿದ್ದೀರಿ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅವರು ಸಂಜೆ ವಾಕಿಂಗ್ ಮುಗಿಸಿ ಮಹಡಿ ಮೆಟ್ಟಿಲು ಹತ್ತುವ ಹೊತ್ತಿಗೆ, ಅಂದರೆ ನಮಗೆ ಬೆಳಿಗ್ಗೆ, ಫೋನ್ ಮಾಡುತ್ತೇನೆ. "ಈಗ್ಯಾಕೆ ಮಾಡ್ತೀಯೋ, ಮೇಲೆ ಹೋಗಿ ಕೂತ್ಕೊಂಡು ಮಾತಾಡ್ತೀನಿ ಇರು" ಎನ್ನುತ್ತಾರೆ. ಇಡಬೇಡಿ ಅಪ್ಪ, ಹತ್ತುತ್ತಲೇ ಮಾತಾಡಿ ಎನ್ನುತ್ತೇನೆ. ಹದಿನೆಂಟು ಮೆಟ್ಟಿಲು. ಹನ್ನೆರಡನೆಯದರವರೆಗೆ ವಾಕ್ಯ ಪೂರ್ತಿ ಬರುತ್ತದೆ.