ಮದುವೆಯ ಮರುದಿನ




ಕಳೆದ ಬೇಸಿಗೆ ರಜೆಯಲ್ಲಿ ಉಗಾಂಡಾಕ್ಕೆ ಹೋಗಿದ್ದೆ. ನನ್ನ ತಮ್ಮ ಕಂಪಾಲದಲ್ಲಿ ಕೆಲಸದಲ್ಲಿದ್ದಾನೆ. ಅವನ ಜೊತೆ ಕೆಲಸ ಮಾಡುವವರೊಬ್ಬರ ತಂಗಿಗೆ ಮಸಾಕಾ ಕಡೆಯ ಹಳ್ಳಿಯಲ್ಲಿ ಮದುವೆ ಶಾಸ್ತ್ರ. ಬಗಾಂಡ ಜನ ಅದನ್ನು ಕ್ವಾಂಜುಲ ಎನ್ನುತ್ತಾರೆ. ಗಂಡಿನ ಕಡೆಯವರು ಬುಟ್ಟಿಗಳನ್ನು ಹೊತ್ತು ಹೆಣ್ಣಿನ ಮನೆಗೆ ಬರುತ್ತಾರೆ. ಎರಡೂ ಕಡೆ ಒಬ್ಬೊಬ್ಬ ಮಾತುಗಾರ ನಿಂತು ತಮಾಷೆಯಲ್ಲೇ ಸಂಬಂಧ ಕುದುರಿಸುತ್ತಾರೆ. ಸಡಗರ ಚೆಂದವೇ ಇತ್ತು. ಆದರೆ ನನಗೆ ಪಾಠವಾದದ್ದು ಮರುದಿನ ಬೆಳಿಗ್ಗೆ.

ಅಂಗಳಕ್ಕೆ ಬಂದೆ. ಚಪ್ಪರ ಬಿಚ್ಚುತ್ತಿದ್ದರು. ಬಾಳೆಕಾಯಿಯನ್ನು ಸುತ್ತಿ ಬೇಯಿಸಿದ್ದ ಎಲೆಗಳು ರಾಶಿ ಬಿದ್ದಿದ್ದವು. ನನ್ನ ಕಣ್ಣು ತಾನಾಗಿ ಹುಡುಕಿದ್ದು ಒಂದನ್ನೇ: ಇದನ್ನು ಎತ್ತುವವರು ಎಲ್ಲಿ ನಿಂತಿದ್ದಾರೆ? ನನ್ನ ಅಜ್ಜಿ ಊರ ದೊಡ್ಡವರ ಮದುವೆಗಳಲ್ಲಿ ಹಿತ್ತಿಲಾಚೆ ಕಾದು ನಿಂತು, ಎಸೆದ ಎಂಜಲೆಲೆಗಳಿಂದ ಅನ್ನ ಆರಿಸಿ ತಂದು ಮಕ್ಕಳಿಗೆ ಉಣಿಸಿದವಳು. ಆ ಕಣ್ಣು ನನಗೆ ಅವಳಿಂದ ಬಂದದ್ದು.

ಅಲ್ಲಿ ಯಾರೂ ಆಚೆ ಕಾದು ನಿಂತಿರಲಿಲ್ಲ. ನಿನ್ನೆ ಬಿಳಿ ನಿಲುವಂಗಿ ತೊಟ್ಟು ಹೆಣ್ಣಿನ ಕಡೆಯಿಂದ ಮಾತಾಡಿದ್ದ ಹಿರಿಯರೇ ಪ್ಯಾಂಟು ಮಡಚಿಕೊಂಡು ಆ ಎಲೆಗಳನ್ನು ತೋಟಕ್ಕೆ ಹೊತ್ತು ಬಾಳೆಯ ಬುಡಕ್ಕೆ ಹರಡುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು, 'ಜೆಬಾಲೆ ಕೊ' ಎನ್ನುತ್ತಿದ್ದರು. ನೀವು ಮಾಡುತ್ತಿರುವ ಕೆಲಸಕ್ಕೆ ಮೆಚ್ಚುಗೆ ಎಂದು ಅದರ ಅರ್ಥ. ದುಡಿಯುವವರಿಗೆ ಹೇಳುವ ನಮಸ್ಕಾರವೇ ಅದು.

ಅಲ್ಲಿ ಎಲ್ಲವೂ ಸಮ ಎಂದು ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳು ಗಂಡಸರಿಗೆ ಮೊಣಕಾಲೂರಿ ವಂದಿಸುವುದನ್ನು ಕಂಡು ಮನಸ್ಸಿಗೆ ಕಸಿವಿಸಿಯಾಯಿತು. ಭಗವಾನ್ ಬುದ್ಧರು ಸಿಗಾಲನಿಗೆ ಗೃಹಸ್ಥ ಧರ್ಮ ಹೇಳುವಾಗ ಗಂಡನ ಕರ್ತವ್ಯಗಳಲ್ಲಿ ಮೊದಲನೆಯದಾಗಿ ಹೇಳಿದ್ದು ಹೆಂಡತಿಯನ್ನು ಗೌರವಿಸುವುದನ್ನು.

ಹೊತ್ತೇರಿದ ಮೇಲೆ ಮನೆಯ ಹಿರಿಯಜ್ಜಿ ಬಾಳೆಕಾಯಿ ಸುಲಿಯುತ್ತ, ತಮ್ಮನ ಗೆಳೆಯರ ಮೂಲಕ ನನ್ನನ್ನು ಕೇಳಿಸಿದರು: 'ನಿಮ್ಮ ಕುಲ ಯಾವುದು?' ನನ್ನ ಮೈ ಬಿಗಿಯಿತು. ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ಎದುರಾದ ಪ್ರಶ್ನೆ ಅದು. ನಾನು ತಲೆ ತಗ್ಗಿಸಿದ್ದು ನೋಡಿ ಅಜ್ಜಿಗೆ ಅಚ್ಚರಿ. ಆಮೇಲೆ ಅವರೇ ಬಿಡಿಸಿ ಹೇಳಿದರು. ಅವರ ಕುಲಗಳು ನಮ್ಮ ಬೆಡಗುಗಳ ಹಾಗೆ: ಸಿಂಹದ ಕುಲ, ಮಂಗನ ಕುಲ, ಮೀನಿನ ಕುಲ. ಒಂದೇ ಕುಲದವರು ಒಡಹುಟ್ಟಿದವರ ಲೆಕ್ಕ, ಮದುವೆಯಾಗುವಂತಿಲ್ಲ. ಹೆಣ್ಣನ್ನು ಹೊರಗೆ ಕೊಡಬೇಕಲ್ಲ, ಅದಕ್ಕೇ ಕುಲ ಕೇಳುವುದು. ನಾವು ಜಾತಿ ಕೇಳುವುದು ಹೆಣ್ಣು ಹೊರಗೆ ಹೋಗದಿರಲಿ ಎಂದು.

ಬಾಬಾಸಾಹೇಬರು 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದ ತಿರುಳು ಇದೇ. ಆಗ ಅವರಿಗೆ 25 ವರ್ಷ. ಕುಲದ ಹೊರಗೆ ಮದುವೆಯಾಗುವ ಹಳೆಯ ಕಟ್ಟಳೆಯ ಮೇಲೆ ಗುಂಪಿನೊಳಗೇ ಮದುವೆಯಾಗುವ ಕಟ್ಟಳೆಯನ್ನು ಹೇರಿದ್ದೇ ಜಾತಿಯ ಹುಟ್ಟು ಎಂದು ಅವರು ತೋರಿಸಿದರು. ಎಂ.ಎ. ಓದುವಾಗಲೇ ಇದನ್ನು ಓದಿದ್ದೆ. ಅರ್ಥವಾದದ್ದು ಆ ಅಜ್ಜಿಯ ಅಂಗಳದಲ್ಲಿ.

ಅಲ್ಲಿ ನನಗೆ ನೆನಪಾದದ್ದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಅಣ್ಣನ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಓದಿದವನು, ದೀಕ್ಷೆ ಪಡೆದ ಮನೆಯವನು, ನಮ್ಮ ವಿಹಾರಕ್ಕೇ ಬರುವವನು. ಅಣ್ಣ ನನ್ನನ್ನು ಕೇಳಿದರು. 'ಅವರು ಆ ಕೈಯವರಲ್ವಾ ಅಣ್ಣ, ನಮಗೆ ಹೊಂದಲ್ಲ' ಎಂದೆ. ಎಡಗೈ, ಬಲಗೈ! ಮನುಷ್ಯರೆಲ್ಲ ಸಮಾನರೆಂದು ಪ್ರತಿಜ್ಞೆ ಮಾಡಿದ ಬಾಯಿಂದಲೇ ಆ ಮಾತು ಬಂತು. ಅಜ್ಜಿಯನ್ನು ಹಿತ್ತಿಲಾಚೆ ನಿಲ್ಲಿಸಿದ್ದು ಯಾವುದೋ, ಆ ಹುಡುಗನನ್ನು ನಾನು ಹೊಸ್ತಿಲಾಚೆ ನಿಲ್ಲಿಸಿದ್ದೂ ಅದೇ.

ನದಿಗಳು ಸಮುದ್ರ ಸೇರಿದ ಮೇಲೆ ತಮ್ಮ ಹೆಸರು ಕಳೆದುಕೊಳ್ಳುತ್ತವೆ, ಸಂಘವೂ ಹಾಗೆಯೇ ಎಂದರು ಭಗವಾನರು. ನಾವು ಸಮುದ್ರಕ್ಕೇನೋ ಬಂದೆವು. ಆದರೆ ಮನೆಯಲ್ಲಿ ಒಂದು ಬಿಂದಿಗೆ ಹಳೆಯ ನೀರನ್ನು ಬೇರೆ ಮುಚ್ಚಿಟ್ಟುಕೊಂಡಿದ್ದೇವೆ. ಸಂಬಂಧ ಬಂದ ದಿನ ಅದರ ಮುಚ್ಚಳ ತೆಗೆಯುತ್ತೇವೆ.

ಊರಿಗೆ ಬಂದ ವಾರವೇ ಆ ಹುಡುಗನ ತಾಯಿಯನ್ನು ಕಂಡು ತಪ್ಪಾಯಿತು ಎಂದೆ. ಅವನಿಗೆ ಮದುವೆಯಾಗಿ ಮಗುವಿದೆ. ಆ ತಾಯಿ ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಕುಡಿದು ಬಂದೆ.

ಇಂದಿನ ಅಭ್ಯಾಸ: ನಮ್ಮ ಮನೆಯ ಮಕ್ಕಳಿಗೆ ಸಂಬಂಧ ನೋಡುವಾಗ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ಐದು ನಿಮಿಷ ಸುಮ್ಮನೆ ಕೂತು ಪ್ರಾಮಾಣಿಕವಾಗಿ ನೋಡಿಕೊಳ್ಳೋಣ. ಹಾಗೆಯೇ ಇವತ್ತು ಬೀದಿ ಗುಡಿಸುವವರು, ಪಾತ್ರೆ ತೊಳೆಯುವವರು ಯಾರೇ ಎದುರಾಗಲಿ, ಅವರ ಕೆಲಸಕ್ಕೆ ಒಂದು ನಮಸ್ಕಾರ ಹೇಳೋಣ.

ಭವತು ಸಬ್ಬ ಮಂಗಲಂ.
ಜೈ ಭೀಮ್. 🙏