ಪ್ರಸಾದದಲ್ಲಿ ಪಲ್ಯದ ಪಾಲು

ಅಷ್ಟಾವರಣಗಳಲ್ಲಿ ಪ್ರಸಾದವು ಕೊನೆಯದಾಗಿ ಎಣಿಸಲ್ಪಟ್ಟಿದ್ದರೂ ಮಹಿಮೆಯಲ್ಲಿ ಕಿರಿದಾದುದಲ್ಲ. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವೆಂಬುದೇ ಒಂದು ಸ್ಥಲವಾಗಿರುವುದು. ಭಕ್ತನು ಬರಿಯ ಅನ್ನವನ್ನು ಉಣ್ಣುವವನಲ್ಲ. ಇಷ್ಟಲಿಂಗಕ್ಕೆ ಅರ್ಪಿತವಾದುದನ್ನು ಪ್ರಸಾದವೆಂದು ಸ್ವೀಕರಿಸುವವನು. ಅಂದಮೇಲೆ ಅರ್ಪಿಸುವ ಪದಾರ್ಥವು ಎಂತಹುದು, ಅದು ಲಿಂಗವನ್ನು ಧರಿಸಿದ ಕಾಯಕ್ಕೆ ಹಿತವೋ ಅಹಿತವೋ ಎಂಬ ವಿಚಾರವೂ ಭಕ್ತಿಯ ಅಂಗವೇ ಆಗಿದೆ.

ಇಂದಿನ ಊಟದ ಎಲೆಯನ್ನು ನೋಡಿದರೆ ನಡುವೆ ಅನ್ನದ ರಾಶಿ, ಬದಿಯಲ್ಲಿ ಸಿಹಿ, ಅಂಚಿನಲ್ಲಿ ಶಾಸ್ತ್ರಕ್ಕೆಂಬಂತೆ ಒಂದು ಚಿಟಿಕೆ ಪಲ್ಯ. ಸಾರಿನೊಳಗಿನ ಬದನೆಯ ಹೋಳನ್ನೂ ಬಾಲಕನು ಬೆರಳಿನಿಂದ ಹೊರಗೆ ಸರಿಸುತ್ತಾನೆ. ಪ್ರಸಾದವನ್ನು ಕೆಡಿಸಬಾರದೆಂದು ಕಲಿಸಿದ ಹಿರಿಯರೇ ಅದನ್ನು ಕಂಡು ಸುಮ್ಮನಿರುತ್ತಾರೆ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿಯು ಅದನ್ನು ಒಪ್ಪದೆ, ಮಿಕ್ಕುದನ್ನು ಸುರಿದು ಬರುವಂತೆ ಪತಿಯನ್ನು ಮರಳಿ ಕಳುಹಿದಳು. ಅತಿಯಾಸೆಯನ್ನು ತಡೆದ ಆ ವಿವೇಕವು ಎಲೆಯ ಮೇಲೆಯೂ ನಡೆಯಬೇಕು. ಅನ್ನವು ಮಿತವಾದರೆ ಪಲ್ಯಕ್ಕೆ ಎಡೆ ತಾನಾಗಿಯೇ ದೊರೆಯುವುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರಸೂತ್ರಗಳು ವಯಸ್ಕರಿಗೆ ದಿನವೊಂದಕ್ಕೆ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕೆಂದು ಹೇಳುತ್ತವೆ. ಆ ತರಕಾರಿಯಲ್ಲಿ ಸೊಪ್ಪಿನ ಪಾಲೂ ಸೇರಿದೆ. ನಾಲ್ವರು ವಯಸ್ಕರಿರುವ ಮನೆಗೆ ಇದು ಒಂದೂವರೆ ಕಿಲೋಗ್ರಾಮಿಗೂ ಮಿಗಿಲು. ತರಕಾರಿಯ ನಾರು ಮಲಬದ್ಧತೆಯನ್ನು ನೀಗುತ್ತದೆ. ಉಂಡ ಅನ್ನದ ಸಕ್ಕರೆಯು ರಕ್ತಕ್ಕೆ ಒಮ್ಮೆಲೇ ಏರದಂತೆ ತಡೆಯುತ್ತದೆ. ಮಧುಮೇಹವು ಮನೆಮನೆಯನ್ನು ಹೊಕ್ಕಿರುವ ಈ ಕಾಲದಲ್ಲಿ ಇದು ಅಲ್ಪ ಪ್ರಯೋಜನವಲ್ಲ.

ಇನ್ನೊಂದು ಮಾತು ಇದಕ್ಕಿಂತಲೂ ಗುರುತರವಾದುದು. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವ ಗೃಹಿಣಿಯ ಪಾಲಿಗೆ ಅನ್ನ ಉಳಿದಿರುತ್ತದೆ, ತಿಳಿಸಾರು ಉಳಿದಿರುತ್ತದೆ. ಪಲ್ಯದ ಪಾತ್ರೆ ಬರಿದಾಗಿರುತ್ತದೆ. ಮಾಸಮಾಸಕ್ಕೂ ರಕ್ತವನ್ನು ಕಳೆದುಕೊಳ್ಳುವ, ಗರ್ಭವನ್ನು ಹೊತ್ತು ಕೂಸಿಗೆ ಹಾಲೂಡುವ ದೇಹಕ್ಕೇ ಕಬ್ಬಿಣಾಂಶವು ಹೆಚ್ಚು ಬೇಕು. ಸೊಪ್ಪು ಮೊದಲು ತಪ್ಪುವುದೂ ಆಕೆಗೇ. ಆಕೆಯ ಕೊರಳಲ್ಲಿಯೂ ಲಿಂಗವಿದೆ. ಶರಣರು ಸ್ತ್ರೀಗೆ ಸಮನಾದ ದೀಕ್ಷೆಯನ್ನಿತ್ತರು. ಸಮನಾದ ಪಲ್ಯವನ್ನು ಕೊಡಲಾರದ ಮನೆಯು ಊರಿಗೆಲ್ಲ ದಾಸೋಹ ನಡೆಸಿದರೂ ಫಲವೇನು?

ತರಕಾರಿಯ ಬೆಲೆ ಏರಿದೆಯೆಂಬುದು ಸುಳ್ಳಲ್ಲ. ಆದರೆ ಹಿತ್ತಿಲ ನುಗ್ಗೆ, ಚಪ್ಪರದ ಬಸಳೆ, ಮಡಿಯ ಹರಿವೆ ಹೆಚ್ಚಿನ ಹಣವನ್ನು ಬೇಡವು. ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಹಕ್ಕರಿಕೆ, ಮೆಂತ್ಯ, ಮೂಲಂಗಿಯ ಎಲೆಗಳನ್ನು ತೊಳೆದು ಹಸಿಯಾಗಿಯೇ ತಿನ್ನುವರು. ದಕ್ಷಿಣದಲ್ಲಿ ಸೊಪ್ಪು ಬೆಂದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವರು; ನೀರಿಗಿಳಿದ ಸತ್ವವು ಹಾಗೆ ಉಳಿಯುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಯ ರಸವನ್ನು ಹಿಂಡಿದರೆ ಅದರಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಹೆಚ್ಚಾಗಿ ಸೇರುವುದು.

ಆದುದರಿಂದ ಭಕ್ತರು ಎಡೆಯನ್ನು ಸಿದ್ಧಗೊಳಿಸುವಾಗ ಎರಡು ನಿಯಮಗಳನ್ನು ಪಾಲಿಸಲಿ. ಪಲ್ಯವು ಎಲೆಯ ಅಂಚನ್ನು ಬಿಟ್ಟು ಅನ್ನದ ಸಮಕ್ಕೆ ಬರಲಿ. ಬಡಿಸುವ ಮುನ್ನವೇ ಕಡೆಯಲ್ಲಿ ಉಣ್ಣುವವಳ ಪಾಲನ್ನು ತೆಗೆದಿರಿಸಲಿ. ಹೀಗೆ ನಡೆದ ಮನೆಯ ಊಟವು ಪ್ರಸಾದವೆಂಬ ಹೆಸರಿಗೆ ಯೋಗ್ಯವಾಗುವುದು.